ಬೆಂಚಿನ ಇನ್ನೊಂದು ತುದಿ

ನಮ್ಮ ಭಾವ ಒಳ್ಳೆಯವರು. ಅವರಿಗಿದ್ದ ಕಾಯಿಲೆ ಒಂದೇ, ನಿವೃತ್ತಿ. ನೀರು ಸರಬರಾಜು ಕಚೇರಿಯಲ್ಲಿ ಇದ್ದಷ್ಟು ಕಾಲ ಕುರ್ಚಿ ಅವರನ್ನು ಹಿಡಿದುಕೊಂಡಿತ್ತು. ಕುರ್ಚಿ ಕೈಬಿಟ್ಟ ಮೇಲೆ ಅವರು ನಮ್ಮ ಅಕ್ಕನನ್ನು ಹಿಡಿದುಕೊಂಡರು. ಅಕ್ಕ ಅಡುಗೆಮನೆಗೆ ಹೋದರೆ ಅಡುಗೆಮನೆ, ಹಿತ್ತಿಲಿಗೆ ಹೋದರೆ ಹಿತ್ತಿಲು. "ರೀ, ನಾನೇನು ಕಳೆದುಹೋಗ್ತೀನಾ?" ಎಂದು ಅಕ್ಕ ರೇಗಿದರೆ, "ನೀನಲ್ಲ ಕಣೇ, ನಾನು" ಅನ್ನುತ್ತಿದ್ದರು.

ಅಕ್ಕನಿಗೆ ಓದುವ ಆಸೆ ಮದುವೆಗೂ ಮುಂಚಿನದು. ಮದುವೆಯಾಯಿತು, ಮಗಳಾದಳು, ಮಗಳ ಮದುವೆಯೂ ಆಯಿತು. ಇನ್ನು ಯಾರ ಮದುವೆಯೂ ಬಾಕಿಯಿಲ್ಲ ಎಂದು ಖಾತ್ರಿಯಾದ ಮೇಲೆ, ತಲೆಗೂದಲು ಅರ್ಧ ಬೆಳ್ಳಗಾಗಿದ್ದ ನಮ್ಮ ಅಕ್ಕ ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆ ಬಂತು. ಭಾವ ಅವಳ ಚೀಲ ಹೊತ್ತು ಜೊತೆಗೆ ಹೋದರು. ಗೇಟಿನ ತನಕ ಅಂದರು. ಗೇಟು ಬಂದಾಗ ಮೆಟ್ಟಿಲ ತನಕ ಅಂದರು. ಮೆಟ್ಟಿಲು ಮುಗಿದಾಗ ಬಾಗಿಲು ಅರ್ಧ ತೆರೆದಿತ್ತು, ಅಲ್ಲೇ ನಿಂತರು.

ಒಳಗೆ ಮೂವರು ಹಿರಿಯರು. "ಈ ವಯಸ್ಸಲ್ಲಿ ಓದು ಯಾಕಮ್ಮ?" ಎಂದು ಒಬ್ಬರು ಕೇಳಿದರು. ಇದಕ್ಕೆ ಅಕ್ಕ ವಾರದಿಂದ ಬಾಯಿಪಾಠ ಮಾಡಿದ್ದ ಸೊಗಸಾದ ಉತ್ತರವಿತ್ತು. ಅದು ಹೊರಡುವ ಮೊದಲೇ ಬಾಗಿಲ ಸಂದಿಯಿಂದ, "ಮೊದಲಿಂದಲೂ ಆಸೆ ಸಾರ್ ಅವಳಿಗೆ!" ಎಂದು ಕೇಳಿಸಿತು. "ಸಮಾಜ ಅಂದ್ರೇನು?" ಎಂದರು ಇನ್ನೊಬ್ಬರು. ಬಾಗಿಲು ಇನ್ನಷ್ಟು ತೆರೆದು, "ಹೇಳು, ಹೇಳು, ನಿನ್ನೆ ನನಗೆ ಹೇಳಿದ್ಯಲ್ಲ!" ಎಂದಿತು. ಮೂರನೆಯವರು ಕನ್ನಡಕ ತೆಗೆದರು. "ಸ್ವಾಮಿ, ಸೀಟು ಯಾರಿಗೆ? ಒಂದು ಸೀಟಲ್ಲಿ ಇಬ್ಬರನ್ನ ಕೂರಿಸೋಕೆ ನಮ್ಮಲ್ಲಿ ಬರಲ್ಲ." ಮೂವರೂ ನಕ್ಕರು.

ಆ ಮೂವರು ಬೇರೆ ಊರಿಂದ ಬಂದವರು, ಸೀಟು ಕೊಟ್ಟು ತಮ್ಮ ಪಾಡಿಗೆ ಹೋದರು. ಈ ಕಥೆಯಲ್ಲಿ ಮತ್ತೆ ಬರುವುದಿಲ್ಲ. ಆದರೆ ಅವರ ನಗು ಅಕ್ಕನ ಕಿವಿಯಲ್ಲಿ ಉಳಿಯಿತು. ಆ ಸಂಜೆ ನಾನೂ ಅವರ ಮನೆಯಲ್ಲೇ ಇದ್ದೆ. ಅಕ್ಕ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದಳು.

"ಇನ್ಮೇಲೆ ನೀವು ಯೂನಿವರ್ಸಿಟಿ ಕಡೆ ತಲೆ ಹಾಕಿಯೂ ಮಲಗಬಾರದು. ಅಲ್ಲಿ ಒಂದು ದಿನ ನಿಮ್ಮ ಮುಖ ನನ್ನ ಕಣ್ಣಿಗೆ ಬಿತ್ತೋ, ಅವತ್ತೇ ಓದು ಬಿಟ್ಟುಬಿಡ್ತೀನಿ."

ನಮ್ಮ ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಚಿಕ್ಕಂದಿನಲ್ಲಿ ನಿನ್ನ ಜೊತೆ ಮಾತು ಬಿಟ್ಟೆ ಅಂದವಳು ಇಡೀ ಒಂದು ಬೇಸಿಗೆ ರಜೆ ನನ್ನೊಡನೆ ಗೋಡೆಯ ಮೂಲಕ ಮಾತಾಡಿದ್ದಾಳೆ. ಭಾವನಿಗೂ ಇದು ಗೊತ್ತು. ಅವಳು ಓದಬೇಕು ಎನ್ನುವ ಆಸೆ ಅವಳಿಗಿಂತ ಹೆಚ್ಚು ಭಾವನಿಗೇ ಇತ್ತು. ಹಾಗಾಗಿ ಅವರು ಆಣೆ ಮಾಡಿ ಒಪ್ಪಿಕೊಂಡರು. ಕ್ಲಾಸು ಶುರುವಾದ ಮೂರನೇ ದಿನ ಯೂನಿವರ್ಸಿಟಿಯಲ್ಲಿದ್ದರು.

ಇದು ನನಗೆ ಗೊತ್ತಾಗಲು ಕಾರಣ ನನ್ನ ಜೆರಾಕ್ಸ್ ಅಂಗಡಿ. ಯೂನಿವರ್ಸಿಟಿಯ ಗೇಟಿನ ಒಳಗೆ, ಲೈಬ್ರರಿಗೆ ಎದುರಾಗಿ ಇದೆ. ಮಷೀನಿನ ಹಿಂದೆ ನಿಂತರೆ ಜಗತ್ತೆಲ್ಲ ಕಾಣುತ್ತದೆ, ಜಗತ್ತಿಗೆ ನಾನು ಕಾಣುವುದಿಲ್ಲ. ಅಂದು ನೋಡುತ್ತೇನೆ, ಲೈಬ್ರರಿ ಮುಂದಿನ ದೊಡ್ಡ ಮರದ ಕೆಳಗೆ ಕಪ್ಪು ಕನ್ನಡಕ, ಟೋಪಿ ಧರಿಸಿ ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಒಬ್ಬರು ಬೆಂಚು ಒರೆಸುತ್ತಿದ್ದಾರೆ. ಬಟ್ಟೆ ಏನೇ ಹಾಕಿಕೊಳ್ಳಲಿ, ಒರೆಸುವ ಕೈ ನಮ್ಮ ಭಾವನದೇ.

"ಭಾವ, ಇದೇನು ಇಲ್ಲಿ? ಅಕ್ಕ ನೋಡಿದ್ರೆ?"

"ಅವಳ ಕ್ಲಾಸಿನ ಕಿಟಕಿ ಈ ಕಡೆ ಇಲ್ಲ ಕಣಯ್ಯ. ವಿಚಾರಿಸಿದೀನಿ."

"ಯಾರನ್ನ?"

"ಕಾವಲುಗಾರನನ್ನ. ಇಪ್ಪತ್ತು ವರ್ಷದಿಂದ ಇಲ್ಲಿದ್ದಾನಂತೆ."

ಕಾವಲುಗಾರ ಇಪ್ಪತ್ತು ವರ್ಷದಿಂದ ಇದ್ದದ್ದು ನಿಜ, ಗೇಟಿನ ಸ್ಟೂಲಿನ ಮೇಲೆ. ಮಹಡಿ ಹತ್ತಿದವನಲ್ಲ. ಇದು ಯಾರಿಗೂ ತಕ್ಷಣ ಹೊಳೆಯಲಿಲ್ಲ.

"ಮನೇಲಿ ಕೂರಬಾರದಾ?" ಅಂದೆ.

"ಮನೇಲಿ ಗಡಿಯಾರದ ಸದ್ದು ಜಾಸ್ತಿ" ಎಂದು ಭಾವ ಬೆಂಚಿನ ಒಂದು ತುದಿಯಲ್ಲಿ ಕೂತರು. ಆ ಮಾತು ಕೇಳಿ ನನಗೆ ಪಾಪ ಅನಿಸಿತು. ಆದರೂ ನಾನು ಭಾಮೈದ, ಛೇಡಿಸದೆ ಇರಲಾದೀತೆ? "ಕೂರೋದು ಒಂದು ಮೂಲೇಲಿ, ಒರೆಸೋದು ಪೂರಾ ಬೆಂಚನ್ನ. ಯೂನಿವರ್ಸಿಟಿ ನಿಮಗೆ ಸಂಬಳ ಕೊಡುತ್ತಾ?" ಅಂದೆ. "ಅಭ್ಯಾಸ ಕಣಯ್ಯ" ಅಂದರು.

ಲೈಬ್ರರಿಯ ಗೋಡೆಯಲ್ಲೂ ಒಂದು ಗಡಿಯಾರವಿತ್ತು. ಅದಕ್ಕೆ ಸದ್ದಿರಲಿಲ್ಲ, ಏಕೆಂದರೆ ಅದು ಎಂದೋ ಮೂರೂಕಾಲಿಗೆ ನಿಂತುಬಿಟ್ಟಿತ್ತು. ಆದ್ದರಿಂದ ಆ ಬೆಂಚಿನ ಸುತ್ತ ಬೆಳಗ್ಗೆಯೂ ಮಧ್ಯಾಹ್ನವೇ, ಸಂಜೆಯೂ ಮಧ್ಯಾಹ್ನವೇ. ಮರದಿಂದ ಹಳದಿ ಹೂವು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಭಾವ ಅದರ ಕೆಳಗೆ ಅರ್ಧ ಕಣ್ಣು ಮುಚ್ಚಿ ಕೂತು ಹೋಗಿಬರುವವರನ್ನು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೋ ಕನಸು ಕಾಣುತ್ತಿದ್ದಾರೋ ಹೇಳುವುದು ಕಷ್ಟ. ಟೀ ಹೊತ್ತಿಗೆ ಅಂಗಡಿಗೆ ಬಂದು ವರದಿ ಒಪ್ಪಿಸುವರು.

"ಆ ಜೋಡಿ ಇವತ್ತೂ ಜಗಳ ಆಡಿದ್ರು ಕಣಯ್ಯ. ತಪ್ಪು ಹುಡುಗಂದೇ. ಅವಳು ಎದ್ದು ಹೊರಟಳು, ಚಪ್ಪಲಿ ಕಿತ್ತುಹೋಯ್ತು, ಬಿಸಾಕಿ ಬರಿಗಾಲಲ್ಲೇ ಹೋದಳು. ಇವನು ಚಪ್ಪಲಿ ಎತ್ಕೊಂಡು ಹಿಂದೆ ಹೋದ. ಎರಡನ್ನೂ ಎತ್ಕೊಂಡ ನೋಡು, ಸರಿಹೋಗುತ್ತೆ ಬಿಡು."

ಇನ್ನೊಂದು ದಿನ ಯಾರೋ ಒಬ್ಬ ತಂದೆ ಮಗಳನ್ನು ಹಾಸ್ಟೆಲಿಗೆ ಬಿಟ್ಟು, ಬೈ ಹೇಳಿ ಗೇಟಿನವರೆಗೆ ಹೋಗಿ, ಸೋಪು ಮರೆತೆ ಎಂದು ವಾಪಸು ಬಂದನಂತೆ. ಆಮೇಲೆ ಬಾಚಣಿಗೆ ಎಂದು ಬಂದನಂತೆ. ಕೊನೆಗೆ ಏನೂ ನೆಪ ಸಿಗದೆ ಸುಮ್ಮನೆ ಬಂದು ನಿಂತನಂತೆ. ಇದನ್ನು ಹೇಳುವಾಗ ಭಾವ ಟೀ ಲೋಟದೊಳಗೆ ಅತ್ತರು. ಅವರ ಜೀವನದಲ್ಲಿ ಅಷ್ಟು ಸುಖದ ದಿನಗಳು ಇರಲಿಲ್ಲ ಎಂದು ಕಾಣುತ್ತದೆ. ಅರ್ಧ ನರೆತ ತಲೆಯ ಹೆಂಗಸು ಯಾರೇ ದೂರದಲ್ಲಿ ಕಂಡರೂ ತಟ್ಟನೆ ಕೊಡೆ ಬಿಚ್ಚಿ ಮುಖಕ್ಕೆ ಹಿಡಿಯುವುದೊಂದೇ ತಾಪತ್ರಯ.

ಹೀಗಿರುವಾಗ ಅಕ್ಕನ ವಿಭಾಗದ ಮೇಷ್ಟ್ರು ಕ್ಲಾಸಿಗೆ ಒಂದು ಕೆಲಸ ಕೊಟ್ಟರು. ಅವರನ್ನು ಹುಡುಗರು ಗಂಟಲು ಮೇಷ್ಟ್ರು ಎನ್ನುತ್ತಿದ್ದರು. ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡುವರು, ಎಷ್ಟೋ ಸಲ ಗಂಟಲು ಸರಿಯಾಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. "ಹ್ಹೂಂ. ಸಾರ್ವಜನಿಕ ಸ್ಥಳದಲ್ಲಿ ಒಬ್ಬ ಮನುಷ್ಯನನ್ನ ಆರಿಸ್ಕೊಳ್ಳಿ. ಹ್ಹೂಂ. ಒಂದು ತಿಂಗಳು ನೋಡಿ. ಮಾತಾಡಿಸಬೇಡಿ, ಅವನಿಗೆ ಗೊತ್ತಾಗಬಾರದು. ಗುರುತಿನವರು ಆಗಿರಬಾರದು. ಅವನು ಯಾರು, ಯಾಕೆ ಹಾಗಿದ್ದಾನೆ, ನೋಡೇ ಹೇಳಬೇಕು."

ಶಾಸ್ತ್ರ ಚೆನ್ನಾಗಿಯೇ ಇತ್ತು. ಆದರೆ ಮನುಷ್ಯರು ನಡೆದಾಡುತ್ತಾರೆ, ನಡೆದಾಡುವವರ ಹಿಂದೆ ತಾವೂ ನಡೆಯಬೇಕಾಗುತ್ತದೆ. ಹುಡುಗರು ಕ್ಯಾಂಟೀನಿನ ಕಟ್ಟೆಯ ಮೇಲೆ ಕೂತು ಸುತ್ತ ನೋಡಿದರು. ಕಣ್ಣಳತೆಯಲ್ಲಿ ದಿನವಿಡೀ ಅಲುಗಾಡದೆ ಸಿಗುವ ಮನುಷ್ಯ ಒಬ್ಬನೇ. ಇಡೀ ಕ್ಲಾಸು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ನಮ್ಮ ಭಾವನನ್ನೇ ಆರಿಸಿಕೊಂಡಿತು.

ಭಾವ ಗಾಬರಿಯಿಂದ ಅಂಗಡಿಗೆ ಬಂದರು. "ನಿಮ್ಮಕ್ಕ ಪತ್ತೇದಾರರನ್ನ ಬಿಟ್ಟಿದ್ದಾಳೆ ಕಣಯ್ಯ! ನಾನು ಆ ಕಡೆ ತಿರುಗಿದ್ರೆ ಎಲ್ಲರೂ ಆಕಾಶ ನೋಡ್ತಾರೆ. ಆಕಾಶದಲ್ಲಿ ಏನಿದೆ? ಏನೂ ಇಲ್ಲ, ನಾನೂ ನೋಡಿದೆ."

"ಹಾಗಾದ್ರೆ ಮನೆಗೆ ಹೋಗಿ ಭಾವ."

"ಹೋದ್ರೆ ತಪ್ಪೊಪ್ಪಿಕೊಂಡ ಹಾಗಾಯ್ತು. ನಾನು ಬೇರೆ ಯಾರೋ ಅನ್ನೋ ಹಾಗೆ ನಡ್ಕೋಬೇಕು."

ಬೇರೆ ಯಾರೋ ಆಗುವುದು ಹೇಗೆ ಎಂದು ಭಾವನಿಗೆ ಸರಿಯಾದ ಅಂದಾಜಿರಲಿಲ್ಲ. ಹಾಗಾಗಿ ಎಲ್ಲರೂ ಆದರು. ನನ್ನ ಅಂಗಡಿಯಲ್ಲಿ ಹಾಳಾದ ಕಾಗದದ ರಾಶಿಯಿಂದ ಯಾರದೋ ಅಣಬೆಯ ಮೇಲಿನ ಪ್ರಬಂಧ ತೆಗೆದುಕೊಂಡು ಹೋಗಿ ಹುಬ್ಬು ಗಂಟಿಕ್ಕಿ ಓದಿದರು. ದಾರಿಹೋಕರಿಗೆ ಗಂಭೀರವಾಗಿ ತಲೆಯಾಡಿಸಿದರು. ನಿಂತ ಗಡಿಯಾರ ನೋಡಿ ತಮ್ಮ ಕೈಗಡಿಯಾರವನ್ನು ಅದಕ್ಕೆ ಸರಿಮಾಡಿಕೊಂಡರು. ಕೊಡೆಯೊಡನೆ ತುಟಿ ಅಲ್ಲಾಡಿಸಿದರು. ಕಟ್ಟೆಯ ಮೇಲೆ ಪೆನ್ನುಗಳು ಓಡಿದ್ದೇ ಓಡಿದ್ದು.

ಆ ಹುಡುಗರು ಜೆರಾಕ್ಸಿಗೆ ಬಂದರೆ ನನ್ನ ಮುಂದೆಯೇ ವಾದ. "ನೆರಳಲ್ಲಿ ಕೂತು ಕೊಡೆ ಬಿಚ್ಚುತ್ತಾನೆ ಅಂದ್ರೆ ಅದು ಸಂಕೇತ. ಗೂಢಚಾರನೇ" ಎಂದು ಗಡ್ಡದ ಹುಡುಗ. "ಛೇ, ಬುದ್ಧಿಗೆ ಪೆಟ್ಟು ಬಿದ್ದ ಹಳೇ ಪ್ರೊಫೆಸರು. ಏನು ಓದ್ತಾರೆ ನೋಡಿದ್ಯಾ, ಅಣಬೆ!" ಎಂದು ಕನ್ನಡಕದ ಹುಡುಗಿ. "ನಿಮಗೆ ಹೃದಯ ಇಲ್ಲ. ಇದೇ ಬೆಂಚಲ್ಲಿ ಯಾವಳೋ ಬರ್ತೀನಿ ಅಂದಿದ್ದಳು, ಬರಲಿಲ್ಲ" ಎಂದು ಉದ್ದಗೂದಲಿನ ಹುಡುಗ. ಅವನನ್ನೇ ಹಿಂದಿನ ವಾರ ಯಾರೋ ಬರ್ತೀನಿ ಅಂದು ಕಾಯಿಸಿದ್ದರು. ನಾನು ತುಟಿ ಕಚ್ಚಿಕೊಂಡು ಪ್ರತಿ ತೆಗೆದೆ. ನಿಜ ಹೇಳಿದರೆ ಅಕ್ಕನ ಓದು ನಿಂತುಹೋಗುತ್ತದಲ್ಲ!

ಗೂಢಚಾರ ಎಂಬ ಮಾತು ಮಾತ್ರ ಕಾವಲುಗಾರನ ಕಿವಿಗೆ ಬಿತ್ತು. ಕಾವಲುಗಾರ ರಿಜಿಸ್ಟ್ರಾರರ ಕೋಣೆಗೆ ಓಡಿದ. ರಿಜಿಸ್ಟ್ರಾರರು ಲೋಕಾನುಭವವುಳ್ಳವರು. "ಗೂಢಚಾರರು ಇಲ್ಲಿಗ್ಯಾಕಯ್ಯ ಬರ್ತಾರೆ, ಇಲ್ಲಿ ಗೂಢ ಏನಿದೆ? ಇವನು ಮೇಲಿನಿಂದ ತಪಾಸಣೆಗೆ ಬಂದವನು. ಯಾರು ಎಷ್ಟು ಹೊತ್ತಿಗೆ ಬರ್ತಾರೆ ಅಂತ ನೋಡ್ತಿದ್ದಾನೆ" ಎಂದು ಅವರೇ ಮಾರನೆಯ ದಿನ ಬೇಗ ಬಂದರು. ಬೇಗ ಬಂದ ಅವರನ್ನು ಕಂಡು ಹಿರಿಯ ಗುಮಾಸ್ತರು ಬೇಗ ಬಂದರು, ಹಿರಿಯರನ್ನು ಕಂಡು ಕಿರಿಯರು. ಬೆಳಗ್ಗೆ ಕಚೇರಿಯಲ್ಲಿ ಜನ ಇರುವುದನ್ನು ನೋಡಲು ಹುಡುಗರು ಗುಂಪುಗುಂಪಾಗಿ ಬಂದು ಹೋದರು. ಗಡಿಯಾರ ರಿಪೇರಿಯಾಗಿ ಧಡಧಡ ನಡೆಯತೊಡಗಿತು. ಅದನ್ನು ನೋಡಿದವರೆಲ್ಲ ತಡವಾಯಿತೆಂದು ಓಡಿದರು. ಮರದ ಕೆಳಗಿನ ಬೆಂಚಿಗೆ ಹಸಿರು ಬಣ್ಣ ಬಳಿಸಲಾಯಿತು.

ಬಣ್ಣದವನು "ಮುಟ್ಟಬೇಡಿ" ಎಂಬ ಹಲಗೆಯನ್ನು ಮರಕ್ಕೆ ಒರಗಿಸಿದ್ದೇನೋ ನಿಜ, ಮರದ ಆಚೆ ಬದಿಗೆ. ಭಾವ ಎಂದಿನ ಗುಂಗಿನಲ್ಲಿ ಬಂದರು. ಕರವಸ್ತ್ರ ತೆಗೆದು ಈ ತುದಿಯಿಂದ ಆ ತುದಿಗೆ ಒರೆಸಿದರು. ಇವತ್ತು ಪಾಚಿ ಜಾಸ್ತಿ ಎಂದುಕೊಂಡರು. ಕೂತರು.

ಮನೆಯಲ್ಲಿ ನಡೆದದ್ದನ್ನು ಅವರೇ ಮರುದಿನ ನನಗೆ ಹೇಳಿದರು.

"ರೀ, ಇದೇನು ನಿಮ್ಮ ಬೆನ್ನ ಮೇಲೆ?" ಅಂದಳಂತೆ ಅಕ್ಕ.

"ನನ್ನ ಬೆನ್ನು ನನಗೆ ಹೇಗೆ ಕಾಣುತ್ತೇ?"

"ಹಸಿರು ಗೀಟು. ಉದ್ದಕ್ಕೂ."

"ವಯಸ್ಸಾಯ್ತಲ್ಲ."

ಅಕ್ಕ ಮುಖ ಗೋಡೆಗೆ ತಿರುಗಿಸಿಕೊಂಡಳಂತೆ. ಅವಳ ಹೆಗಲು ಅಲುಗುತ್ತಿತ್ತಂತೆ. "ಪಾಪ, ನನ್ನ ವಯಸ್ಸಿಗೆ ಅತ್ತಳು ಕಣಯ್ಯ" ಎಂದು ಭಾವ ಕಣ್ಣೊರೆಸಿಕೊಂಡರು. ನಮ್ಮ ಅಕ್ಕ ಅಳುವಾಗ ಹೆಗಲು ಅಲುಗುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ತಿಂಗಳು ಮುಗಿಯಿತು. ಗಂಟಲು ಮೇಷ್ಟ್ರು ಬರಹಗಳನ್ನು ತಿರುವಿಹಾಕಿ ದಂಗಾದರು. ಎಲ್ಲದರಲ್ಲೂ ಅದೇ ಬೆಂಚು, ಅದೇ ಕೊಡೆ. ಇಷ್ಟೊಂದು ಜನರನ್ನು ಹಿಡಿದಿಟ್ಟ ಮನುಷ್ಯನನ್ನು ನೋಡಲೇಬೇಕು, ಹೇಗೂ ನೋಟ ಮುಗಿಯಿತಲ್ಲ, ಇನ್ನು ಮಾತಾಡಿಸಬಹುದು ಎಂದು ಕರೆತರಲು ಹುಡುಗರನ್ನು ಕಳಿಸಿದರು. ಹುಡುಗರು ಕಟ್ಟೆ ಇಳಿದು ತಮ್ಮ ಕಡೆಗೇ ಬರುವುದನ್ನು ಕಂಡ ಭಾವ ಎದ್ದವರೇ ನನ್ನ ಅಂಗಡಿಗೆ ನುಗ್ಗಿ ಮಷೀನಿನ ಹಿಂದೆ ಕೂತರು. ಕೊಡೆಯನ್ನು ಬಿಚ್ಚಿ ಹಿಡಿದುಕೊಂಡೇ ಕೂತರು.

"ಸಾರ್, ನಮ್ಮ ಮೇಷ್ಟ್ರು ಕರೀತಿದ್ದಾರೆ" ಎಂದಳು ಕನ್ನಡಕದ ಹುಡುಗಿ ಕೊಡೆಗೆ.

"ಸಮಾಜಶಾಸ್ತ್ರದವರಾ?" ಎಂದಿತು ಕೊಡೆ.

"ಹೌದು ಸಾರ್."

"ಮುಗೀತು" ಎಂದು ಭಾವ ನನ್ನ ಕೈ ಹಿಡಿದುಕೊಂಡರು. "ನನ್ನಿಂದ ಅವಳ ಓದು ಹೋಯ್ತಲ್ಲಯ್ಯ" ಅಂದರು. ನಾನು ಅಂಗಡಿ ಮುಚ್ಚಿ ಜೊತೆಗೆ ಹೊರಟೆ.

ಕ್ಲಾಸು ತುಂಬಿತ್ತು. ಭಾವನನ್ನು ಮುಂದೆ ಕುರ್ಚಿಯ ಮೇಲೆ ಕೂರಿಸಿದರು. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು, ತಲೆಯೆತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ, ತಪಾಸಣೆಯ ಫಲ ತಿಳಿಯಲು, ರಿಜಿಸ್ಟ್ರಾರರೇ ಬಂದು ಕೂತಿದ್ದರು. ಭಾವ ಒಂದು ಸಲ ಅಕ್ಕನ ಕಡೆ, ಒಂದು ಸಲ ಬಾಗಿಲ ಕಡೆ ನೋಡಿದರು. ಅವಳಿನ್ನೂ ತಲೆ ಎತ್ತಿಲ್ಲ, ಅಂದರೆ ನೋಡಿಲ್ಲ. ತಾನು ಬೇರೆ ಯಾರೋ ಆಗಿಯೇ ಹೊರಟುಹೋದರೆ ಇನ್ನೂ ಕಾಲ ಮಿಂಚಿಲ್ಲ. ಅವರ ಮುಖದಲ್ಲಿ ಈ ಲೆಕ್ಕಾಚಾರ ನಡೆಯುವುದು ನನಗೆ ಕಾಣಿಸಿತು.

ಉದ್ದಗೂದಲಿನ ಹುಡುಗ ಓದಿದ. ಹಳೆಯ ಪ್ರೇಮ, ಮುರಿದ ಮಾತು, ಉದುರುವ ಹೂವು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು.

"ಹ್ಹೂಂ. ಇದು ನಿಜವಾ ಸ್ವಾಮಿ?"

"ನಿಜ" ಅಂದರು ಭಾವ.

"ಅಲ್ಲ ಸಾರ್, ಇವರು ಪ್ರೊಫೆಸರ್ ಆಗಿದ್ದವರು" ಎಂದಳು ಕನ್ನಡಕದವಳು.

"ಅದೂ ಹೌದಮ್ಮ."

"ಗೂಢಚಾರ?" ಎಂದ ಗಡ್ಡದವನು.

"ಹ್ಞೂಂ, ಸ್ವಲ್ಪ ದಿನ."

ರಿಜಿಸ್ಟ್ರಾರರು ಎದ್ದರು. "ಹಾಗಾದ್ರೆ ತಾವು ತಪಾಸಣೆಯವರಲ್ಲವಾ?"

"ಅಲ್ಲ ಅಂತ ಯಾರು ಹೇಳಿದ್ರು?"

ಮೇಷ್ಟ್ರು ಗಂಟಲು ಸರಿಮಾಡುವುದನ್ನೇ ಮರೆತರು. "ಸ್ವಾಮಿ, ಒಬ್ಬ ಮನುಷ್ಯ ಇಷ್ಟೆಲ್ಲ ಆಗೋಕೆ ಸಾಧ್ಯವಾ?"

"ನಿವೃತ್ತ ಆಗಿದ್ದೀನಲ್ಲ ಸಾರ್" ಅಂದರು ಭಾವ. "ಹೊತ್ತಿದೆ."

ಕೊನೆಗೆ ಉಳಿದವಳು ಅಕ್ಕ. ಎದ್ದಳು. ಕೈಯಲ್ಲಿ ಕಾಗದವಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಮಾತಾಡಿದಳು. ನಾನೂ ಕತ್ತು ಚಾಚಿ ನೋಡಿದೆ. ನೇರ ಕೆಳಗೆ ಮರ, ಮರದ ಕೆಳಗೆ ಬೆಂಚು, ಹಸಿರಾಗಿ ಹೊಳೆಯುತ್ತಿತ್ತು. ಇಪ್ಪತ್ತು ವರ್ಷದ ಕಾವಲುಗಾರನನ್ನು ಮನಸ್ಸಿನಲ್ಲೇ ಬೈದೆ.

"ನಾನು ನೋಡಿದ್ದು ಒಂದೇ ವಿಷಯ ಸಾರ್. ಇವರು ದಿನಾ ಬಂದು ಬೆಂಚು ಒರೆಸ್ತಾರೆ. ಪೂರ್ತಿ ಒರೆಸ್ತಾರೆ. ಆಮೇಲೆ ಒಂದೇ ತುದೀಲಿ ಕೂತ್ಕೋತಾರೆ. ಇನ್ನೊಂದು ತುದೀಲಿ ಹೂ ಬಿದ್ರೆ ಅದನ್ನೂ ತೆಗೀತಾರೆ. ಯಾರಾದ್ರೂ ಕೂರೋಕೆ ಬಂದ್ರೆ ಅಲ್ಲಿ ಕೊಡೆ ಇಡ್ತಾರೆ. ಆ ಇನ್ನೊಂದು ತುದಿ ಯಾರಿಗೆ ಅಂತ ಈ ಕ್ಲಾಸಲ್ಲಿ ಯಾರೂ ಕೇಳ್ಕೊಳ್ಳಲಿಲ್ಲ."

"ಹ್ಹೂಂ. ಯಾರಿಗೆ?"

"ನನಗೆ ಸಾರ್. ಇವರು ನಮ್ಮ ಯಜಮಾನ್ರು."

ಭಾವ ಧಡಕ್ಕನೆ ಎದ್ದರು.

"ಇಲ್ಲ ಸಾರ್! ಈ ಅಮ್ಮನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ! ಇವರು ಬೇರೆ ಯಾರನ್ನೋ ನೋಡಿರಬೇಕು. ಇವರ ಯಜಮಾನ್ರು ಮನೇಲಿದ್ದಾರೆ. ಇವರು ಓದು ಮುಂದುವರಿಸಬಹುದು, ಏನೂ ಅಭ್ಯಂತರ ಇಲ್ಲ!"

ಅಕ್ಕ ಅವರ ಕಡೆ ತಿರುಗಿದಳು. "ಅಂಗಿ ಗುಂಡಿ ಹಾಕ್ಕೊಳ್ಳಿ" ಅಂದಳು.

ಭಾವನ ಕೈ ತಂತಾನೇ ಎದ್ದು ಕೊರಳ ಗುಂಡಿ ಹಾಕಿತು. ಇಡೀ ಕ್ಲಾಸು ನೋಡಿತು. ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಶಾಸ್ತ್ರದಲ್ಲೂ ಬೇಕಾಗಿರಲಿಲ್ಲ. ನಗು ಮಹಡಿಯೇ ಹಾರುವಂತೆ ಎದ್ದಿತು. ಆದರೆ ಅಂದಿನ ಸಂದರ್ಶನದ ನಗುವಲ್ಲ ಇದು, ಕನ್ನಡಕದ ಹುಡುಗಿ ನಗುತ್ತಲೇ ಕಣ್ಣೊರೆಸುತ್ತಿದ್ದಳು. ರಿಜಿಸ್ಟ್ರಾರರು ಮಾತ್ರ ನಗಲಿಲ್ಲ. ತಾವು ಇಷ್ಟು ದಿನ ಬೇಗ ಎದ್ದದ್ದು ದಂಡವಾಯಿತೆಂದು ಸರಸರನೆ ಹೊರಟುಹೋದರು.

ಮೇಷ್ಟ್ರು ಬೆರಳೆತ್ತಿದರು. "ಗುರುತಿನವರನ್ನ ಆರಿಸ್ಕೋಬಾರದು ಅಂದಿದ್ದೆನಮ್ಮ."

"ಗುರುತಿದೆ ಅಂದ್ಕೊಂಡಿದ್ದೆ ಸಾರ್" ಅಂದಳು ಅಕ್ಕ. "ಈ ಕಿಟಕಿಯಿಂದ ನೋಡೋಕೆ ಶುರುಮಾಡಿದ ಮೇಲೆ, ಅಷ್ಟೊಂದು ಇರಲಿಲ್ಲ ಅಂತ ಗೊತ್ತಾಯ್ತು."

ಮೇಷ್ಟ್ರು ಬಹಳ ಹೊತ್ತು ಗಂಟಲು ಸರಿಮಾಡಿದರು. ಗಂಟೆ ಹೊಡೆಯಿತು.

ಹೊರಗೆ ಮೊಗಸಾಲೆಯಲ್ಲಿ ಭಾವ ಅಪರಾಧಿಯಂತೆ ನಿಂತಿದ್ದರು. "ಓದು ಬಿಟ್ಟುಬಿಡ್ತೀಯಾ?" ಎಂದು ಕೇಳಿದರು. ಅಕ್ಕ ಅವರ ಟೋಪಿ ತೆಗೆದು ಧೂಳು ಕೊಡವಿ ಮತ್ತೆ ಇಟ್ಟಳು.

"ನನ್ನ ಕಣ್ಣಿಗೆ ಬಿದ್ರೆ ಬಿಡ್ತೀನಿ ಅಂದಿದ್ದು. ನೀವೆಲ್ಲಿ ಬಿದ್ರಿ? ದಿನಾ ನಾನೇ ಜಾಗ ಹಿಡಿದು ನೋಡ್ತಿದ್ದೆ. ಅದು ಲೆಕ್ಕಕ್ಕಿಲ್ಲ."

ಮರುದಿನ ಮಧ್ಯಾಹ್ನ ಮಷೀನಿನ ಹಿಂದಿನಿಂದ ನೋಡಿದೆ. ಲೈಬ್ರರಿಯ ಗಡಿಯಾರ ಮತ್ತೆ ನಿಂತಿತ್ತು, ಈ ಸಲ ಮೂರೂವರೆಗೆ. ಕ್ಯಾಂಟೀನಿನ ಕಟ್ಟೆಯಲ್ಲಿ ಯಾರೂ ಆಕಾಶ ನೋಡುತ್ತಿರಲಿಲ್ಲ. ಭಾವ ಬೆಂಚು ಒರೆಸಿದರು, ಈ ತುದಿಯಿಂದ ಆ ತುದಿಗೆ. ಅಕ್ಕ ಬಂದು ಆ ತುದಿಯಲ್ಲಿ ಕೂತು ಪುಸ್ತಕ ತೆರೆದಳು. ಭಾವ ಏನೋ ಹೇಳಲು ಬಾಯಿ ತೆರೆದರು. "ಮಾತಾಡಬೇಡಿ, ಓದ್ತಿದ್ದೀನಿ" ಎಂದು ಅಕ್ಕ ಅಂದಿರಬೇಕು, ಅವರು ಬಾಯಿ ಮುಚ್ಚಿದರು. ಹೂವು ಒಂದೊಂದಾಗಿ ಇಳಿಯಿತು. ಬರಿಗಾಲಿನ ಹುಡುಗಿ ಹೊಸ ಚಪ್ಪಲಿ ಮೆಟ್ಟಿಕೊಂಡು ಹುಡುಗನ ಜೊತೆ ಹೋದಳು. ಭಾವ ಅದನ್ನು ಅಕ್ಕನಿಗೆ ತೋರಿಸಬೇಕೆಂದು ಬೆರಳೆತ್ತಿ, ಹಾಗೇ ಇಳಿಸಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಮುಚ್ಚಿತು, ಕತ್ತು ಮೆಲ್ಲಗೆ ವಾಲಿತು.

ಹಾಗೇ ನಿದ್ದೆಹೋದ ಅವರ ತಲೆ ಯೂನಿವರ್ಸಿಟಿ ಕಡೆಗೇ ಇತ್ತು. ಅಕ್ಕ ನೋಡಿದಳು, ಪುಸ್ತಕದ ಹಾಳೆ ಸದ್ದಾಗದಂತೆ ತಿರುವಿದಳು, ಎಬ್ಬಿಸಲಿಲ್ಲ.